ಮನೆಯ ಈಜುಕೊಳ: ಯಂತ್ರಕ್ಕೆ ಎಷ್ಟು ಒಪ್ಪಿಸಬೇಕು?

ಮೈಸೂರಿನಲ್ಲಿ ಈಜು ಎಂದರೆ ಬಹುಕಾಲ ಸರಸ್ವತೀಪುರದ ವಿಶ್ವವಿದ್ಯಾನಿಲಯದ ಈಜುಕೊಳ, ಇಲ್ಲವೇ ಲಲಿತಮಹಲಿನಂಥ ಹೋಟೆಲುಗಳ ಕೊಳ ಎಂದೇ ಅರ್ಥವಾಗಿತ್ತು. ಈಗ ಊರಿನ ಅಂಚಿನ ಬಡಾವಣೆಗಳಲ್ಲಿ ಮನೆಯ ನಕ್ಷೆಯಲ್ಲೇ ಕೊಳಕ್ಕೆ ಜಾಗ ಬಿಡುವವರಿದ್ದಾರೆ. ಅದರಲ್ಲೂ ವ್ಯಾಯಾಮಕ್ಕಾಗಿ ಈಜುವವರು ಬಯಸುವುದು ಲ್ಯಾಪ್ ಪೂಲ್: ಉದ್ದ ಹೆಚ್ಚು, ಅಗಲ ಕಡಿಮೆ, ಆಳ ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಈ ಲೇಖನದ ಲೆಕ್ಕಗಳಿಗೆ 15 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳದ ಒಂದು ಕೊಳವನ್ನು ಇಟ್ಟುಕೊಳ್ಳೋಣ. ಅದು ಹಿಡಿಯುವ ನೀರು 54,000 ಲೀಟರ್. ನಗರದ ಮನೆಬಳಕೆಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ಒಪ್ಪಿತವಾದ ಮಾನದಂಡ. ಆ ಪ್ರಕಾರ ಇದು ನಾಲ್ವರ ಕುಟುಂಬಕ್ಕೆ 100 ದಿನದ ನೀರು.

ಹತ್ತು ಹದಿನೈದು ವರ್ಷದ ಹಿಂದೆ ಕಟ್ಟಿಸಿದ ಇಂಥ ಕೊಳದ ಪಂಪು, ಫಿಲ್ಟರುಗಳು ಬದಲಾಯಿಸುವ ವಯಸ್ಸಿಗೆ ಬಂದಾಗ ಮನೆಯವರ ಮುಂದೆ ಒಂದು ದೊಡ್ಡ ಪ್ರಶ್ನೆ ನಿಲ್ಲುತ್ತದೆ. ವೇಗ ಬದಲಿಸುವ ಪಂಪು, ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಸೆಲ್, ತಾನಾಗಿ ಆಮ್ಲ ಬೆರೆಸುವ ಡೋಸರ್, ಫೋನಿನಲ್ಲೇ ಎಲ್ಲವನ್ನೂ ತೋರಿಸುವ ಕಂಟ್ರೋಲರ್, ತಳ ಗುಡಿಸುವ ರೋಬಾಟ್, ತಾನೇ ಮುಚ್ಚಿಕೊಳ್ಳುವ ಹೊದಿಕೆ ಇವೆಲ್ಲ ಮಾರುಕಟ್ಟೆಯಲ್ಲಿವೆ. ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಮಾರುವವರು ಮುಂದಿಡುವ ಅಳತೆಗೋಲು ಶ್ರಮದ್ದು: ಯಂತ್ರ ಎಷ್ಟು ಕೆಲಸ ತಪ್ಪಿಸುತ್ತದೆ ಎಂಬುದು. ಮೈಸೂರಿನ ಮಟ್ಟಿಗೆ ಆ ಅಳತೆಗೋಲು ಸಾಲದು. ಹೊಸ ಉಪಕರಣ ಎಷ್ಟು ನೀರನ್ನು ಹೊರಚೆಲ್ಲದಂತೆ ತಡೆಯುತ್ತದೆ ಎಂಬುದನ್ನೇ ಇಲ್ಲಿ ಮೊದಲು ಕೇಳಬೇಕು. ಹಾಗೆ ಕೇಳಿದರೆ ಖರೀದಿಯ ಪಟ್ಟಿ ಹೆಚ್ಚುಕಡಿಮೆ ತಲೆಕೆಳಗಾಗುತ್ತದೆ.

ಈ ಊರಿನ ನೀರು, ಈ ಊರಿನ ಕರೆಂಟು

ಕಾವೇರಿ ಮೈಸೂರಿಗಿಂತ ತಗ್ಗಿನಲ್ಲಿ ಹರಿಯುತ್ತಾಳೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ನದಿಯ ನೀರನ್ನು ಊರಿಗೆ ಹರಿಸಲು ತೋಡಿಸಿದ ನಾಲೆ ಗುರಿ ಮುಟ್ಟಲಿಲ್ಲ. ಇವತ್ತಿಗೂ ಬೆಳಗೊಳ, ಹೊಂಗಳ್ಳಿಗಳಿಂದ ವಾಣಿ ವಿಲಾಸ ನೀರು ಸರಬರಾಜು ವ್ಯವಸ್ಥೆಯ ಮೂಲಕ ಬರುವ ನೀರನ್ನು ಪಂಪು ಮಾಡಿಯೇ ಮೇಲೆತ್ತಬೇಕು. ಇಲ್ಲಿನ ನಲ್ಲಿ ನೀರಿನಲ್ಲಿ ವಿದ್ಯುತ್ತೂ ಸೇರಿದೆ ಎಂದ ಹಾಗಾಯಿತು. ಊರ ಹೊರಗಿನ ಬಡಾವಣೆಗಳಲ್ಲಿ ಅನೇಕರಿಗೆ ಕೊಳವೆಬಾವಿಯೇ ಗತಿ, ಆ ನೀರು ಸಾಮಾನ್ಯವಾಗಿ ಗಡಸು. ಗಡಸು ನೀರು ತುಂಬಿದ ಕೊಳದಲ್ಲಿ ಸುಣ್ಣದ ಅಂಶ ಟೈಲ್ಸಿನ ಅಂಚಿಗೆ ಬಿಳಿಗೆರೆಯಾಗಿ ಕೂರುತ್ತದೆ, ಉಪ್ಪಿನ ಸೆಲ್ಲಿನ ತಗಡುಗಳ ನಡುವೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅಷ್ಟು ಗಡಸಲ್ಲದ ಕಾವೇರಿ ನೀರು ಕೊಳಕ್ಕೆ ಒಗ್ಗುತ್ತದೆ, ಆದರೆ ಅದು ಕುಡಿಯುವ ನೀರು; ಕೊಳವೆಬಾವಿಯ ನೀರಿಗೆ ಆ ಸಂಕೋಚವಿಲ್ಲ, ಆದರೆ ಅದು ಉಪಕರಣಕ್ಕೆ ಒಗ್ಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ಇದೇ ನೈತಿಕ ಪ್ರಶ್ನೆಯ ಕಾನೂನಿನ ರೂಪ. ಆ ಆದೇಶ ಮೈಸೂರಿಗೆ ಅನ್ವಯಿಸದಿದ್ದರೂ ಅದರ ಹಿಂದಿನ ಬರ ಕಾವೇರಿ ಕಣಿವೆಗೆಲ್ಲ ಒಂದೇ ಆಗಿತ್ತು.

ವಿದ್ಯುತ್ತಿನ ಕಡೆಗೆ ಬಂದರೆ, ಶಿವನಸಮುದ್ರದ ಜಲವಿದ್ಯುತ್ 1902ರಷ್ಟು ಹಿಂದೆಯೇ ಕೋಲಾರದ ಗಣಿಗಳಿಗೆ ಹರಿದ ಸೀಮೆ ಇದು. ಆದರೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಸಂಜೆ ಕರೆಂಟು ಹೋಗಿ ಬರುವುದು, ವೋಲ್ಟೇಜು ಏರಿಳಿಯುವುದು ತಪ್ಪಿಲ್ಲ. ಪಂಪು ಎಂದರೆ ಮೋಟಾರು ಮತ್ತು ಸ್ಟಾರ್ಟರು ಮಾತ್ರ ಆಗಿದ್ದಾಗ ಇದು ದೊಡ್ಡ ವಿಷಯವಾಗಿರಲಿಲ್ಲ. ಪಂಪಿನ ತಲೆಯ ಮೇಲೆ ಎಲೆಕ್ಟ್ರಾನಿಕ್ ಡ್ರೈವ್ ಕೂತ ಮೇಲೆ ಸಿಡಿಲಿನ ಒಂದು ಹೊಡೆತಕ್ಕೆ ಅದರ ಬೋರ್ಡು ಸುಟ್ಟುಹೋಗಬಹುದು. ಹೀಗಾಗಿ ಸರ್ಜ್ ರಕ್ಷಕ, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಆರ್‌ಸಿಸಿಬಿ ಇವು ನವೀಕರಣದ ಮೊದಲ ಸಾಲಿನ ಖರ್ಚು. ಒದ್ದೆ ಮೈಯ ಮನುಷ್ಯ ಮತ್ತು ವಿದ್ಯುತ್ತು ಒಂದೇ ಜಾಗದಲ್ಲಿರುವ ಕಡೆ ಇದರಲ್ಲಿ ಚೌಕಾಸಿ ಸಲ್ಲದು.

ಹಿಂದಿನ ದಾರಿ

ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸುವ ಪದ್ಧತಿ ಅಮೆರಿಕದಲ್ಲಿ 1908ರಲ್ಲಿ ಜರ್ಸಿ ಸಿಟಿಯಿಂದ ಆರಂಭವಾಯಿತು. ಈಜುಕೊಳಗಳು ಅದನ್ನು ಬೇಗನೆ ಎರವಲು ಪಡೆದವು. ಅಲ್ಲಿಯವರೆಗೆ ಕೊಳವನ್ನು ಶುದ್ಧವಾಗಿಡುವುದೆಂದರೆ ಬಹುಮಟ್ಟಿಗೆ ನೀರು ಬಿಟ್ಟು ಹೊಸ ನೀರು ತುಂಬುವುದೇ ಆಗಿತ್ತು. ಆಧುನಿಕ ಕೊಳದ ಉಪಕರಣಗಳ ಇಡೀ ಚರಿತ್ರೆಯನ್ನು ಒಂದೇ ನೀರನ್ನು ಇನ್ನೂ ಸ್ವಲ್ಪ ಹೆಚ್ಚು ಕಾಲ ಉಳಿಸಿಕೊಳ್ಳುವ ಪ್ರಯತ್ನವೆಂದು ಓದಬಹುದು. ಮರಳಿನ ಫಿಲ್ಟರು, ಗಡಿಯಾರದ ಟೈಮರು, 1960-70ರ ದಶಕಗಳಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ಗಳಲ್ಲಿ ಬೆಳೆದ ಉಪ್ಪಿನ ಕ್ಲೋರಿನೇಟರು, 2000ದ ದಶಕದಲ್ಲಿ ಬಂದ ವೇಗ ಬದಲಿಸುವ ಪಂಪು ಎಲ್ಲವೂ ಆ ಸಾಲಿನವು. ಕೊಳದ ಪಂಪುಗಳಿಗೆ ಅಮೆರಿಕದ ಇಂಧನ ಇಲಾಖೆ 2021ರ ಜುಲೈಯಲ್ಲಿ ದಕ್ಷತೆಯ ನಿಯಮ ಜಾರಿಗೆ ತಂದ ಮೇಲೆ ಅಲ್ಲಿ ದೊಡ್ಡ ಗಾತ್ರದ ಒಂದೇ ವೇಗದ ಪಂಪುಗಳು ಹಿಂದೆ ಸರಿದವು. ನಮ್ಮಲ್ಲಿ ಕೊಳದ ನೀರಿನ ಗುಣಮಟ್ಟಕ್ಕೆ ಐಎಸ್ 3328 ಎಂಬ ಭಾರತೀಯ ಮಾನಕವಿದೆ. ಮನೆಯ ಕೊಳದಲ್ಲಿ ಅದನ್ನು ಪಾಲಿಸುವುದು ಮಾತ್ರ ಮನೆಯವರ ವಿವೇಕಕ್ಕೇ ಬಿಟ್ಟದ್ದು.

ಕೈಕೆಲಸವೇ ಸಾಕೆನ್ನುವವರು

ಮೊದಲ ವಾದ ಸರಳ. ವಾರಕ್ಕೆ ಎರಡು ಸಲ ಬಂದು ಎಲೆ ತೆಗೆದು, ತಳ ಗುಡಿಸಿ, ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆದು (ಬ್ಯಾಕ್‌ವಾಶ್), ಕ್ಲೋರಿನ್ ಹಾಕಿ ಹೋಗುವ ಜನ ಮೈಸೂರಿನಲ್ಲಿ ಸಿಗುತ್ತಾರೆ. ಅವರಿಗೆ ಕೊಡುವ ಸಂಬಳಕ್ಕಿಂತ ಹೆಚ್ಚು ಖರ್ಚಿನ ಯಂತ್ರ ಏಕೆ? ಕೆಟ್ಟರೆ ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕಾದ ಯಂತ್ರಕ್ಕಿಂತ ಬಂದಾಗಲೆಲ್ಲ ನೀರನ್ನು ಕಣ್ಣಾರೆ ನೋಡುವ ಮನುಷ್ಯ ಮೇಲಲ್ಲವೇ? ಈ ವಾದದಲ್ಲಿ ಸತ್ಯವಿದೆ. ಗುಲ್‌ಮೊಹರ್, ಮಳೆಮರಗಳ ಸಣ್ಣ ಎಲೆಗಳು ಮೇಲ್ಮೈಯ ಕಸ ಎಳೆಯುವ ಸ್ಕಿಮ್ಮರ್‌ನ ಬುಟ್ಟಿಯ ಕಂಡಿಗಳಲ್ಲಿ ನುಸುಳಿ ಪಂಪಿನ ಜಾಲರಿಯಲ್ಲಿ ಮೆತ್ತಿಕೊಂಡದ್ದನ್ನು ಇವತ್ತಿನ ಯಾವ ಕಂಟ್ರೋಲರೂ ತೆಗೆಯುವುದಿಲ್ಲ.

ಆದರೆ ಈ ಪದ್ಧತಿಯ ಒಂದು ಬೆಲೆ ಸಂಬಳದ ಲೆಕ್ಕದಲ್ಲಿ ಕಾಣುವುದಿಲ್ಲ. ವಾರಕ್ಕೆ ಎರಡು ಸಲ ಬರುವವರಿಗೆ ಅನುಕೂಲವಾಗುವುದು ನಿಧಾನವಾಗಿ ಕರಗುವ ಕ್ಲೋರಿನ್ ಮಾತ್ರೆ, ಅಂದರೆ ಟಿಸಿಸಿಎ. ಆ ಮಾತ್ರೆ ಕ್ಲೋರಿನ್ನಿನ ಜೊತೆಗೆ ಸಯನ್ಯೂರಿಕ್ ಆಮ್ಲವನ್ನೂ ನೀರಿಗೆ ಬಿಡುತ್ತದೆ. ಸ್ವಲ್ಪ ಇದ್ದರೆ ಅದು ಬೇಕಾದದ್ದೇ; ಅದಿಲ್ಲದ ನೀರಿನಲ್ಲಿ ನೇರ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧದಷ್ಟು ಕ್ಲೋರಿನ್ ನಾಶವಾಗುತ್ತದೆ. ತೊಂದರೆಯೆಂದರೆ ಕ್ಲೋರಿನ್ ಖರ್ಚಾಗುತ್ತದೆ, ಸಯನ್ಯೂರಿಕ್ ಆಮ್ಲ ಉಳಿಯುತ್ತದೆ. ಪ್ರತಿ 10 ಪಿಪಿಎಂ (ದಶಲಕ್ಷಕ್ಕೆ 10 ಭಾಗ) ಕ್ಲೋರಿನ್ನಿಗೆ ಸುಮಾರು 6 ಪಿಪಿಎಂನಂತೆ ಅದು ಕೂಡುತ್ತಾ ಹೋಗುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಬೇಕಾಗುವ ಕೊಳದಲ್ಲಿ ಮೂರು ತಿಂಗಳಿಗೆ ಅದು 100 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿಯೂ ಅದೇ. ಆ ಮಟ್ಟದಲ್ಲಿ ಪರೀಕ್ಷೆಯಲ್ಲಿ ಕ್ಲೋರಿನ್ ಇದೆಯೆಂದು ಕಂಡರೂ ಅದರ ಶಕ್ತಿ ಕುಗ್ಗಿರುತ್ತದೆ, ನೀರು ಹಸಿರಾಗುತ್ತದೆ. ಉಳಿಯುವ ದಾರಿ ಒಂದೇ: ನೀರು ಬಿಟ್ಟು ಹೊಸದು ತುಂಬುವುದು. ಬ್ಲೀಚಿಂಗ್ ಪೌಡರು ಅಥವಾ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬಳಸಿದರೆ ಸಯನ್ಯೂರಿಕ್ ಆಮ್ಲದ ಬದಲು ಸುಣ್ಣದ ಅಂಶ ಕೂಡುತ್ತದೆ. ಕೊಳವೆಬಾವಿಯ ನೀರಿಗೆ ಅದು ಇನ್ನಷ್ಟು ಗಡಸುತನ. ಅಗ್ಗವೆಂದು ಕಂಡ ಪದ್ಧತಿ ನೀರಿನ ಲೆಕ್ಕದಲ್ಲಿ ದುಬಾರಿಯಾಗುವುದು ಹೀಗೆ. ಇಷ್ಟರ ಮೇಲೆ ಕೈಗವಸು, ಕನ್ನಡಕಗಳಿಲ್ಲದೆ ಆಮ್ಲದ ಕ್ಯಾನು ಎತ್ತುವ ಕೆಲಸಗಾರನ ಕಣ್ಣು ಮತ್ತು ಶ್ವಾಸಕೋಶದ ಪ್ರಶ್ನೆಯೂ ಇದೆ. ಅದನ್ನು ಸಂಬಳದಲ್ಲಿ ಸೇರಿಸಿದವರು ವಿರಳ.

ಪಂಪಿನಿಂದ ಆರಂಭಿಸಿ ಎನ್ನುವವರು

ಎರಡನೆಯ ಪಂಥದ್ದು ವಿದ್ಯುತ್ತಿನ ಲೆಕ್ಕ, ಅದು ಭೌತಶಾಸ್ತ್ರದ ಒಂದು ನಿಯಮದ ಮೇಲೆ ನಿಂತಿದೆ. ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ನೀರಿನ ಹರಿವೂ ಅರ್ಧವಾಗುತ್ತದೆ, ಆದರೆ ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ನೀರು ಹಾಯಿಸಲು ಎರಡು ಪಟ್ಟು ಹೊತ್ತು ಓಡಿಸಿದರೂ ಒಟ್ಟು ಖರ್ಚು ಕಾಲು ಭಾಗ. ಮೋಟಾರಿನ ನಷ್ಟಗಳನ್ನು ಲೆಕ್ಕಕ್ಕೆ ಹಿಡಿದು ವಾಸ್ತವದಲ್ಲಿ ಮೂರನೇ ಒಂದು ಭಾಗವೆಂದರೂ ಲಾಭ ದೊಡ್ಡದು. ಒಂದೂವರೆ ಅಶ್ವಶಕ್ತಿಯ ಹಳೆಯ ಪಂಪು ಗಂಟೆಗೆ ಸುಮಾರು 1.4 ಯೂನಿಟ್ ಎಳೆಯುತ್ತದೆ. ದಿನಕ್ಕೆ 8 ಗಂಟೆ ಓಡಿದರೆ ತಿಂಗಳಿಗೆ 330 ಯೂನಿಟ್ ಮೀರುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಕೊಳದ ಪಂಪು ಒಂದೇ ದಾಟಿಬಿಡುತ್ತದೆ ಎಂದರೆ ಅದರ ಹಸಿವು ಎಷ್ಟೆಂದು ತಿಳಿದೀತು. ನಿಧಾನದ ಓಟದಲ್ಲಿ ಇದು 110-120 ಯೂನಿಟ್ಟಿಗೆ ಇಳಿಯುತ್ತದೆ. ತೆರಿಗೆ, ಸರ್ಚಾರ್ಜು ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದುಕೊಂಡರೆ ತಿಂಗಳಿಗೆ ಸುಮಾರು 1,500 ರೂಪಾಯಿ ಉಳಿತಾಯ. ಹೊಸ ಪಂಪಿಗೆ 50,000 ರೂಪಾಯಿ ಹೆಚ್ಚು ತೆತ್ತರೂ ಮೂರು ವರ್ಷದ ಆಸುಪಾಸಿನಲ್ಲಿ ಅದು ಮರಳುತ್ತದೆ.

ಈ ಪಂಥಕ್ಕೆ ಎದುರಾಗುವ ಆಕ್ಷೇಪಗಳೂ ಹುರುಳಿರುವಂಥವೇ. ಹರಿವು ತೀರ ಕಡಿಮೆಯಾದರೆ ಸ್ಕಿಮ್ಮರು ಮೇಲ್ಮೈಯ ಎಲೆ ಎಳೆಯುವುದಿಲ್ಲ, ಉಪ್ಪಿನ ಸೆಲ್ಲಿನ ಫ್ಲೋ ಸ್ವಿಚ್ಚು ಕೆಲಸ ನಿಲ್ಲಿಸುತ್ತದೆ, ತಾರಸಿಯ ಸೋಲಾರ್ ಕೊಳವೆಗಳಿಗೆ ನೀರು ಏರುವುದಿಲ್ಲ. ಉತ್ತರವೂ ಯಂತ್ರದಲ್ಲೇ ಇದೆ: ದಿನದ ಬಹುಪಾಲು ನಿಧಾನ, ಎಲೆ ಎಳೆಯಲು ಬೆಳಿಗ್ಗೆ ಒಂದೆರಡು ಗಂಟೆ ಮಧ್ಯಮ, ಬ್ಯಾಕ್‌ವಾಶಿಗೆ ಮಾತ್ರ ಪೂರ್ಣ ವೇಗ. ನೀರಿನ ಅಳತೆಗೋಲಿನಲ್ಲಿ ನೋಡಿದರೂ ಈ ಪಂಪಿಗೆ ಒಂದು ಸಣ್ಣ ಅಂಕ ಸಲ್ಲುತ್ತದೆ. ಮರಳಿನ ಫಿಲ್ಟರು ನಿಧಾನ ಹರಿವಿನಲ್ಲಿ ಸೂಕ್ಷ್ಮ ಕೊಳೆಯನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ಬ್ಯಾಕ್‌ವಾಶಿಗೆ 500 ಲೀಟರಿನಷ್ಟು ನೀರು ಹೋಗುತ್ತದೆ. ಅದನ್ನು ವಾರದ ವಾಡಿಕೆಯಾಗಿ ಮಾಡದೆ ಫಿಲ್ಟರಿನ ಮೇಲಿನ ಒತ್ತಡದ ಮಾಪಕ ಏರಿದಾಗ ಮಾತ್ರ ಮಾಡಿದರೆ ವರ್ಷಕ್ಕೆ ಹಲವು ಸಾವಿರ ಲೀಟರು ಉಳಿಯುತ್ತದೆ. ಆ ಮಾಪಕದ ಬೆಲೆ ಪಂಪಿನ ಮುಂದೆ ಏನೂ ಅಲ್ಲ.

ಉಪ್ಪಿನ ಪಂಥ

ಉಪ್ಪಿನ ಕೊಳದಲ್ಲಿ ಕ್ಲೋರಿನ್ ಇರುವುದಿಲ್ಲ ಎಂಬ ನಂಬಿಕೆ ತಪ್ಪು. ಲೀಟರಿಗೆ ಮೂರೂವರೆ ಗ್ರಾಂನಷ್ಟು ಉಪ್ಪಿರುವ ನೀರು ವಿದ್ಯುತ್ ಹರಿಯುವ ತಗಡುಗಳ ನಡುವೆ ಹಾಯುವಾಗ ಕ್ಲೋರಿನ್ ಅಲ್ಲೇ ಹುಟ್ಟುತ್ತದೆ, ಕೆಲಸ ಮುಗಿಸಿ ಮತ್ತೆ ಉಪ್ಪಾಗುತ್ತದೆ. ನಮ್ಮ ಲೆಕ್ಕದ ಕೊಳಕ್ಕೆ ಮೊದಲ ಸಲ 190 ಕಿಲೋ ಉಪ್ಪು ಬೇಕು. ಆಮೇಲೆ ಹೊರಗೆ ಹೋದ ನೀರಿನಷ್ಟಕ್ಕೆ ಮಾತ್ರ ಸೇರಿಸಬೇಕು. ಈ ವಿಧಾನದ ನಿಜವಾದ ಗೆಲುವೆಂದರೆ ಅದು ಸಯನ್ಯೂರಿಕ್ ಆಮ್ಲವನ್ನಾಗಲೀ ಸುಣ್ಣವನ್ನಾಗಲೀ ಪೇರಿಸುವುದಿಲ್ಲ. ಅದೇ ನೀರು ವರ್ಷಗಟ್ಟಲೆ ಬಾಳಲು ಇದರಿಂದ ದಾರಿಯಾಗುತ್ತದೆ. ಕ್ಲೋರಿನ್ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬರುವುದರಿಂದ ಏರಿಳಿತವೂ ಕಡಿಮೆ.

ಆದರೆ ಎರಡು ತೊಡಕುಗಳಿವೆ. ಸೆಲ್ಲಿನಲ್ಲಿ ಏಳುವ ಜಲಜನಕದ ಗುಳ್ಳೆಗಳು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟುತ್ತವೆ, ಹಾಗಾಗಿ ಪಿಎಚ್ ಮೇಲೇರುತ್ತಲೇ ಇರುತ್ತದೆ. ಪಿಎಚ್ 7.5ರ ಸುಮಾರಿನಲ್ಲಿ ಕ್ಲೋರಿನ್ನಿನ ಅರ್ಧ ಭಾಗ ಚುರುಕಾದ ರೂಪದಲ್ಲಿರುತ್ತದೆ; 8 ದಾಟಿದರೆ ಕಾಲು ಭಾಗಕ್ಕೂ ಇಳಿಯುತ್ತದೆ. ಕ್ಷಾರೀಯತೆ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ಈ ಏರಿಕೆ ಇನ್ನೂ ಜೋರು, ಆಮ್ಲದ ಖರ್ಚೂ ಹಾಗೆಯೇ. ಸೆಲ್ಲನ್ನು ಬಿಚ್ಚಿ ನೋಡಿದರೆ ತೆಳು ಟೈಟಾನಿಯಂ ತಗಡುಗಳ ನಡುವೆ ಅಕ್ಕಿಹಿಟ್ಟು ಮೆತ್ತಿದಂತೆ ಬಿಳಿ ಪದರ ಕಾಣುತ್ತದೆ. ಅದನ್ನು ಲೋಹದ ಕಡ್ಡಿಯಿಂದ ಕೆರೆದರೆ ತಗಡಿನ ಲೇಪ ಕಿತ್ತುಹೋಗುತ್ತದೆ, ತೆಳುವಾದ ಆಮ್ಲದಲ್ಲಿ ಅದ್ದಿಯೇ ಕರಗಿಸಬೇಕು. ಎರಡನೆಯದು ಹೊರಹೋಗುವ ನೀರು. ಉಪ್ಪುನೀರನ್ನು ತೋಟಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ, ಮಳೆನೀರಿನ ಚರಂಡಿಗೆ ಬಿಟ್ಟರೆ ಲಿಂಗಾಂಬುಧಿಯಂಥ ಕೆರೆಗಳ ದಿಕ್ಕಿಗೆ ಹರಿಯುತ್ತದೆ. ಒಳಚರಂಡಿಗೇ ಹೋಗಲಿ ಎನ್ನಬಹುದು. ಆದರೆ ಒಳಚರಂಡಿಯ ಶುದ್ಧೀಕರಣ ಘಟಕ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಮಾತ್ರೆಯ ಕೊಳದಲ್ಲಿ ನೀರು ಚೆಲ್ಲುವ ಅಗತ್ಯ ಹೆಚ್ಚು, ಉಪ್ಪಿನ ಕೊಳದಲ್ಲಿ ಚೆಲ್ಲುವ ನೀರಿನ ಹಾನಿ ಹೆಚ್ಚು. ನನ್ನ ತೂಕದಲ್ಲಿ ಚೆಲ್ಲುವುದನ್ನೇ ಕಡಿಮೆ ಮಾಡುವ ದಾರಿ ಮೇಲು, ಆದರೆ ಬ್ಯಾಕ್‌ವಾಶ್ ನೀರು ಎಲ್ಲಿಗೆ ಹೋಗುತ್ತದೆಂದು ಮೊದಲೇ ತೀರ್ಮಾನಿಸಿದವರಿಗೆ ಮಾತ್ರ.

ಪೂರ್ಣ ಸ್ವಯಂಚಾಲನೆಯ ಪಂಥ

ಇನ್ನೊಂದು ಹೆಜ್ಜೆ ಮುಂದೆ ಹೋದವರು ಅಳತೆ ಮತ್ತು ಡೋಸಿಂಗ್ ಎರಡನ್ನೂ ಯಂತ್ರಕ್ಕೆ ಒಪ್ಪಿಸುತ್ತಾರೆ. ಒಂದು ಪ್ರೋಬು ಪಿಎಚ್ ಓದುತ್ತದೆ, ಇನ್ನೊಂದು ಓಆರ್‌ಪಿ ಅಂದರೆ ನೀರಿನ ಉತ್ಕರ್ಷಣ ಸಾಮರ್ಥ್ಯವನ್ನು ಮಿಲಿವೋಲ್ಟಿನಲ್ಲಿ ಓದುತ್ತದೆ, ಅದಕ್ಕೆ ತಕ್ಕಂತೆ ಆಮ್ಲ, ಕ್ಲೋರಿನ್ ಬೆರೆಯುತ್ತವೆ. ಛಾವಣಿಯಡಿಯ ಸಾರ್ವಜನಿಕ ಕೊಳಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಬಯಲಿನ ಕೊಳದಲ್ಲಿ ಬಿಸಿಲಿಗಾಗಿ ಸೇರಿಸಿದ ಸಯನ್ಯೂರಿಕ್ ಆಮ್ಲ ಓಆರ್‌ಪಿ ಓದನ್ನು ಮಂಕುಮಾಡುತ್ತದೆ. ಉಪ್ಪಿನ ಸೆಲ್ಲಿನ ಜಲಜನಕವೂ ಆ ಓದನ್ನು ಕದಡುತ್ತದೆ. ಪ್ರೋಬುಗಳನ್ನು ಆಗಾಗ ಬಫರ್ ದ್ರಾವಣದಲ್ಲಿ ಸರಿಹೊಂದಿಸಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಮಂಕಾದ ಪ್ರೋಬು ಹೇಳಿದ್ದನ್ನು ನಂಬಿ ರಾತ್ರಿಯಿಡೀ ಆಮ್ಲ ಸುರಿಯುವ ಡೋಸರು ಯಾವ ಕೆಲಸಗಾರನಿಗಿಂತಲೂ ಅಪಾಯಕಾರಿ.

ಅದಕ್ಕೂ ದೊಡ್ಡ ಅಪಾಯ ಕರೆಂಟಿನದು. ಪಂಪು ನಿಂತು ಡೋಸರುಗಳು ಮಾತ್ರ ಓಡಿದರೆ ನಿಂತ ನೀರಿನ ಕೊಳವೆಯಲ್ಲಿ ಆಮ್ಲ ಮತ್ತು ಹೈಪೋಕ್ಲೋರೈಟ್ ಬೆರೆತು ಕ್ಲೋರಿನ್ ಅನಿಲ ಹುಟ್ಟುತ್ತದೆ; ಪಂಪು ಮತ್ತೆ ಓಡಿದಾಗ ಅದು ಈಜುವವರ ಮೂಗಿನ ಬಳಿಯೇ ಮೇಲೇಳುತ್ತದೆ. ಹರಿವಿಲ್ಲದಿದ್ದರೆ ಡೋಸಿಂಗ್ ಇಲ್ಲ ಎಂಬ ತಡೆ ತಂತಿಯ ಮಟ್ಟದಲ್ಲೇ ಇರಬೇಕು, ತಂತ್ರಾಂಶದ ಭರವಸೆಗೆ ಬಿಡಬಾರದು. ಕರೆಂಟು ಹೋಗಿ ಬರುವ ಊರಿನಲ್ಲಿ ಈ ಎಚ್ಚರ ಎರಡು ಪಟ್ಟು ಬೇಕು.

ಸ್ವಯಂಚಾಲನೆ ಮರೆಮಾಚುವ ಸಂಗತಿಗಳೂ ಇವೆ. ನೀರಿನ ಮಟ್ಟ ಇಳಿದಾಗ ತಾನಾಗಿ ತುಂಬಿಸುವ ಫ್ಲೋಟ್ ವಾಲ್ವ್ ಅಗ್ಗ, ಸರಳ, ಜನಪ್ರಿಯ. ಕೊಳ ಸೋರುತ್ತಿದ್ದರೂ ಅದು ಸದ್ದಿಲ್ಲದೆ ತುಂಬಿಸುತ್ತಲೇ ಇರುತ್ತದೆ, ಮನೆಯವರಿಗೆ ತಿಳಿಯುವುದೇ ಇಲ್ಲ. ವಾಲ್ವಿನ ಹಿಂದೆ ಒಂದು ನೀರಿನ ಮೀಟರು ಕೂರಿಸಿದರೆ ಆ ದೋಷ ನೀಗುತ್ತದೆ. ಸಂಶಯ ಬಂದಾಗ ವಾಲ್ವ್ ಮುಚ್ಚಿ, ಕೊಳದ ಮೆಟ್ಟಿಲ ಮೇಲೆ ಅದೇ ನೀರು ತುಂಬಿದ ಬಕೆಟ್ಟು ಇಟ್ಟು, ಒಂದು ದಿನದ ನಂತರ ಒಳಗಿನ ಮಟ್ಟಕ್ಕಿಂತ ಹೊರಗಿನದು ಹೆಚ್ಚು ಇಳಿದಿದೆಯೇ ನೋಡುವುದು ಹಳೆಯ, ಖಚಿತ ಪರೀಕ್ಷೆ. ಅಮೆರಿಕದಿಂದ ತಂದ ಕಂಟ್ರೋಲರು ನಮ್ಮ 230 ವೋಲ್ಟ್, 50 ಹರ್ಟ್ಸ್‌ಗೆ ಹೊಂದುವುದೇ ಎಂಬುದನ್ನೂ, ಕಂಪನಿಯ ಸರ್ವರು ಮುಚ್ಚಿದರೆ ಪಂಪು ಕೈಯಿಂದ ಓಡೀತೇ ಎಂಬುದನ್ನೂ ಕೊಳ್ಳುವ ಮೊದಲೇ ಕೇಳಬೇಕು. ಆರ್‌ಎಸ್-485ರಂಥ ಬಹಿರಂಗ ಸಂಪರ್ಕವಿರುವ ಪಂಪಾದರೆ ಮುಂದೆ ಬೇರೆಯವರ ಕಂಟ್ರೋಲರು ಜೋಡಿಸಲು ದಾರಿಯಿರುತ್ತದೆ.

ಎಲ್ಲರೂ ಕೊನೆಗೆ ಕೊಳ್ಳುವ ವಸ್ತು

ನೀರಿನ ಅಳತೆಗೋಲು ಹಿಡಿದರೆ ಪಟ್ಟಿಯ ತಲೆಯಲ್ಲಿ ಬರಬೇಕಾದದ್ದು ಹೊದಿಕೆ. ದಿನಕ್ಕೆ ಸರಾಸರಿ 5 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ 45 ಚದರ ಮೀಟರಿನ ಕೊಳ ದಿನಕ್ಕೆ 225 ಲೀಟರ್, ವರ್ಷಕ್ಕೆ 82,000 ಲೀಟರ್ ಕಳೆದುಕೊಳ್ಳುತ್ತದೆ. ಕೊಳ ತನ್ನ ಒಡಲಿಗಿಂತ ಒಂದೂವರೆ ಪಟ್ಟು ನೀರನ್ನು ಪ್ರತಿ ವರ್ಷ ಗಾಳಿಗೆ ಕೊಡುತ್ತದೆ ಎಂದಾಯಿತು. ಆವಿಯಾದ ನೀರು ಉಪ್ಪನ್ನೂ ಸುಣ್ಣವನ್ನೂ ಹಿಂದೆ ಬಿಟ್ಟು ಹೋಗುತ್ತದೆ, ಮತ್ತೆ ತುಂಬಿದ ಕೊಳವೆಬಾವಿಯ ನೀರು ಇನ್ನಷ್ಟು ಸುಣ್ಣ ತರುತ್ತದೆ. ಹೊದಿಕೆ ಹಾಕಿದಷ್ಟು ಹೊತ್ತು ಈ ಆವಿಯ ಬಹುಪಾಲು ನಿಲ್ಲುತ್ತದೆ. ಬಿಸಿಲಿಗೆ ಕ್ಲೋರಿನ್ ಸುಡುವುದು, ಎಲೆ ಬೀಳುವುದು, ಡಿಸೆಂಬರ್-ಜನವರಿಯ ರಾತ್ರಿ ನೀರು ತಣ್ಣಗಾಗುವುದು ಎಲ್ಲವೂ ಕಡಿಮೆಯಾಗುತ್ತವೆ. ಕೊಳ ಶಾಖ ಕಳೆದುಕೊಳ್ಳುವುದು ಮುಖ್ಯವಾಗಿ ಆವಿಯ ಮೂಲಕವೇ ಆದ್ದರಿಂದ ಹೀಟ್ ಪಂಪು ಕೊಳ್ಳುವ ಮೊದಲು ಹೊದಿಕೆ ಕೊಳ್ಳುವುದು ನ್ಯಾಯ. ಮೂರು ಮೀಟರ್ ಅಗಲದ ಉದ್ದನೆಯ ಕೊಳಕ್ಕೆ ಸುರುಳಿ ಹೊದಿಕೆಯಷ್ಟು ಸಲೀಸಾಗಿ ಒಪ್ಪುವ ಯಂತ್ರ ಇನ್ನೊಂದಿಲ್ಲ. ಕೈಯಿಂದ ಸುತ್ತುವ ಹೊದಿಕೆ ನಾಲ್ಕು ದಿನದ ಉತ್ಸಾಹದ ನಂತರ ಮೂಲೆ ಸೇರುತ್ತದೆ ಎಂಬ ಆಕ್ಷೇಪವಿದೆ. ಅದು ನಿಜವಾದ್ದರಿಂದಲೇ ಮೋಟಾರಿನ ಮೊದಲ ಹಕ್ಕು ಹೊದಿಕೆಗೆ ಸಲ್ಲಬೇಕು.

ಉಳಿದ ನೀರಿಗೆ ಮಳೆಯೇ ಇದೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 780 ಮಿಲಿಮೀಟರ್. ನೂರು ಚದರ ಮೀಟರಿನ ತಾರಸಿಯಿಂದ ನಷ್ಟ ಕಳೆದು 60,000 ಲೀಟರ್ ಹಿಡಿಯಬಹುದು, ಅದು ಕೊಳ ತುಂಬಿ ಮಿಗುವಷ್ಟು. ಮಳೆಯ ನೀರು ಮೃದು. ಸೆಲ್ಲಿಗೂ ಟೈಲ್ಸಿಗೂ ಒಳ್ಳೆಯದು. ಮೊದಲ ಮಳೆಯ ಕೊಳೆ ಬಿಟ್ಟು, ಸೋಸಿ, ತೊಟ್ಟಿಯಲ್ಲಿ ಹಿಡಿದು ಕೊಳಕ್ಕೆ ಬಿಡುವ ವ್ಯವಸ್ಥೆಗೆ ಬೇಕಾದದ್ದು ಸಾದಾ ಪಂಪು ಮತ್ತು ವಾಲ್ವು ಅಷ್ಟೇ.

ಇತ್ಯರ್ಥವಾಗದ ಪ್ರಶ್ನೆಗಳು

ಹೀಗೆ ನೋಡಿದರೆ ಕ್ರಮ ಹೀಗಾಗುತ್ತದೆ: ವಿದ್ಯುತ್ ಸುರಕ್ಷತೆ, ಹೊದಿಕೆ, ಮೀಟರು ಮತ್ತು ಮಾಪಕಗಳು, ವೇಗ ಬದಲಿಸುವ ಪಂಪು, ಆಮೇಲೆ ಉಪ್ಪಿನ ಸೆಲ್, ಎಲ್ಲಕ್ಕಿಂತ ಕೊನೆಗೆ ಡೋಸರು ಮತ್ತು ಫೋನು. ವಾರಕ್ಕೆ ಎರಡು ಸಲ ಬರುವ ಕೆಲಸಗಾರ ಈ ಕ್ರಮದಲ್ಲಿ ಎಲ್ಲಿಯೂ ಅನವಶ್ಯಕನಾಗುವುದಿಲ್ಲ. ಗುಲಾಬಿ ಬಣ್ಣಕ್ಕೆ ತಿರುಗುವ ಡಿಪಿಡಿ ಪರೀಕ್ಷೆಯನ್ನು ಅವನು ಮಾಡಿ ಬರೆದಿಟ್ಟ ಅಂಕಿಯೇ ಪ್ರೋಬಿನ ಮಾತಿಗೆ ಒರೆಗಲ್ಲು.

ಆದರೆ ಹಲವು ಪ್ರಶ್ನೆಗಳು ತೆರೆದೇ ಇವೆ. ಮುಂದಿನ ಬರದಲ್ಲಿ ಮೈಸೂರೂ ಬೆಂಗಳೂರಿನ ದಾರಿ ಹಿಡಿದರೆ, ಮಳೆನೀರಿನಿಂದ ತುಂಬಿದ ಕೊಳವನ್ನೂ ಕಾವೇರಿ ನೀರಿನ ಕೊಳವನ್ನೂ ಅಧಿಕಾರಿಗಳು ಬೇರೆಬೇರೆಯಾಗಿ ಗುರುತಿಸುವುದು ಹೇಗೆ? ಮನೆಮನೆಯ ಉಪ್ಪಿನ ಕೊಳಗಳು ಹೆಚ್ಚಿದಾಗ ಆ ನೀರು ಸೇರಬೇಕಾದ ಜಾಗ ಯಾವುದು, ಅದಕ್ಕೆ ನಿಯಮ ಬರೆಯುವವರು ಯಾರು? ಬಯಲಿನ ಕೊಳದಲ್ಲಿ ಓಆರ್‌ಪಿಯನ್ನು ಎಷ್ಟು ನಂಬಬಹುದು ಎಂಬುದರಲ್ಲಿ ತಜ್ಞರ ನಡುವೆಯೇ ಜಗ್ಗಾಟವಿದೆ. ಮಕ್ಕಳ ಸುರಕ್ಷತೆಗೆ ಸ್ವಯಂಚಾಲಿತ ಹೊದಿಕೆ ಬೇಲಿಯ ಬದಲಾಗಬಲ್ಲುದೇ ಎಂಬುದೂ ಹಾಗೆಯೇ ಉಳಿದಿದೆ; ಅದು ತೀರ್ಮಾನವಾಗುವವರೆಗೆ ಪುಟ್ಟ ಮಕ್ಕಳಿರುವ ಮನೆ ಬೇಲಿ ಮತ್ತು ಹೊದಿಕೆ ಎರಡನ್ನೂ ಇಟ್ಟುಕೊಳ್ಳಬೇಕು. ಇನ್ನು ಈ ಯಂತ್ರಗಳನ್ನು ಹತ್ತು ವರ್ಷ ನಡೆಸಿಕೊಂಡು ಹೋಗಬಲ್ಲ, ರಸಾಯನವನ್ನೂ ವಿದ್ಯುತ್ತನ್ನೂ ಒಟ್ಟಿಗೆ ಬಲ್ಲ ಕೈಗಳನ್ನು ಊರಿನಲ್ಲೇ ತಯಾರು ಮಾಡುವ ಹೊಣೆ ಮಾರುವವರದೋ, ತರಬೇತಿ ಸಂಸ್ಥೆಗಳದೋ ಎಂಬುದಕ್ಕೂ ಉತ್ತರ ಸಿಕ್ಕಿಲ್ಲ.